ಎಡ್‌ಡಿ ಮಾಡಲಾ ಅಂತ ಕೇಳುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ

ಇತ್ತೀಚೆಗೆ ಮೆಸೆಂಜರ್‌ನಲ್ಲಿ ಎಡ್‌ಡಿ (ಡಾಕ್ಟರ್ ಆಫ್ ಎಜುಕೇಶನ್, ಶಿಕ್ಷಣದಲ್ಲಿ ಕೊಡುವ ಡಾಕ್ಟರೇಟ್) ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. "ಅಕ್ಕಾ, ಎಡ್‌ಡಿ ಅಂದ್ರೆ ಪಿಎಚ್‌ಡಿಗಿಂತ ಸುಲಭವಂತೆ, ಹೌದಾ?" "ಮೇಡಂ, ಕೆಲಸ ಬಿಡದೆ ಮಾಡಬಹುದಂತೆ. ಮುಗಿದ ಮೇಲೆ ಹೆಸರಿನ ಮುಂದೆ ಡಾಕ್ಟರ್ ಹಾಕ್ಕೋಬಹುದಾ?" ಕೇಳುವವರಲ್ಲಿ ಕೆಲವರು ಇಲ್ಲಿ ಅಮೆರಿಕದಲ್ಲೇ ಪಾಠ ಮಾಡುತ್ತಿರುವ ಕನ್ನಡದ ಹೆಣ್ಣುಮಕ್ಕಳು, ಇನ್ನು ಕೆಲವರು ಊರಲ್ಲಿರುವ ಹೈಸ್ಕೂಲು ಮೇಷ್ಟ್ರುಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಓದಿ.

ಸುತ್ತಿ ಬಳಸಿ ಹೇಳುವುದಿಲ್ಲ. ಎಡ್‌ಡಿ ಶಾಲೆಯಲ್ಲೇ ಉಳಿಯುವವರ ಪದವಿ. ನಿಮ್ಮ ಶಾಲೆಯ ಯಾವುದೋ ಒಂದು ಸಮಸ್ಯೆ ವರ್ಷಗಟ್ಟಲೆ ನಿಮ್ಮ ತಲೆ ತಿನ್ನುತ್ತಿದ್ದರೆ ಮಾಡಿ. ಅಂಥದ್ದೇನೂ ಇಲ್ಲ ಅಂದರೆ ದುಡ್ಡು ಉಳಿಸಿ, ಬೇಸಿಗೆ ರಜೆಗೆ ಊರಿಗೆ ಹೋಗಿ ಬನ್ನಿ.

ಈ ಪದವಿಗೆ ನೂರು ವರ್ಷದ ಇತಿಹಾಸ ಇದೆ. ಹಾರ್ವರ್ಡ್ ಮೊದಲ ಎಡ್‌ಡಿ ಕೊಟ್ಟದ್ದು 1921ರಲ್ಲಿ. ಅಲ್ಲಿನ ಶಿಕ್ಷಣದ ಸ್ಕೂಲು ಶುರುವಾದದ್ದೇ ಅದರ ಹಿಂದಿನ ವರ್ಷ. ಅಲ್ಲಿ ಪಿಎಚ್‌ಡಿ ಅನ್ನುವುದು ಕಲೆ ಮತ್ತು ವಿಜ್ಞಾನ ವಿಭಾಗದವರ ಕೈಯಲ್ಲಿತ್ತು. ಹಾಗಾಗಿ ಶಿಕ್ಷಣದ ಸ್ಕೂಲಿನವರು ತಮ್ಮದೇ ಒಂದು ಡಾಕ್ಟರೇಟ್ ಮಾಡಿಕೊಂಡರು. ತಮಾಷೆ ಏನೆಂದರೆ, ಅದೇ ಹಾರ್ವರ್ಡ್ 2012ರಲ್ಲಿ ಎಡ್‌ಡಿ ನಿಲ್ಲಿಸಿ ಅದರ ಜಾಗದಲ್ಲಿ ಪಿಎಚ್‌ಡಿ ತರುತ್ತೇವೆ ಅಂತ ಘೋಷಿಸಿತು. ಅಷ್ಟರಲ್ಲಿ ಉಳಿದ ಕಡೆ ಎಲ್ಲ ಎಡ್‌ಡಿ ಹಬ್ಬಿ ಆಗಿತ್ತು. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ 1992ರಲ್ಲೇ ಶುರು ಮಾಡಿತ್ತು.

ಇಷ್ಟು ವರ್ಷ ಆದರೂ ಇದನ್ನು ಕೀಳಾಗಿ ನೋಡುವ ಚಾಳಿ ಹೋಗಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಹೆಂಡತಿ ಜಿಲ್ ಬೈಡನ್ ಗೊತ್ತಲ್ಲ, ಅವರದ್ದು ಎಡ್‌ಡಿ. 2007ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದಿಂದ ಪಡೆದದ್ದು. ಸಮುದಾಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅರ್ಧಕ್ಕೇ ಬಿಟ್ಟು ಹೋಗದಂತೆ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಅವರ ವಿಷಯ. ತಾನು ಪಾಠ ಮಾಡುತ್ತಿದ್ದ ಜಾಗದ್ದೇ ಸಮಸ್ಯೆ. 2020ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಒಬ್ಬರು, ನೀವು ಹೆಸರಿನ ಮುಂದಿನ ಡಾಕ್ಟರ್ ಬಿಟ್ಟುಬಿಡಿ ಅಂತ ಬರೆದು ದೊಡ್ಡ ಗಲಾಟೆ ಆಯಿತು. ಆಗ ನಮ್ಮ ಕನ್ನಡದ ವಾಟ್ಸಾಪ್ ಗುಂಪಿನಲ್ಲೂ ಗಂಡಸರು ಒಂದು ದಿನ ಪೂರ್ತಿ ಅದನ್ನೇ ಚರ್ಚೆ ಮಾಡಿದರು. ಜಿಲ್ ಅವರ ಎಡ್‌ಡಿ ಪ್ರಬಂಧ ಏನು ಹೇಳುತ್ತದೆ ಅಂತ ಯಾರೂ ಕೇಳಲಿಲ್ಲ. ಅಂದ ಹಾಗೆ, ಬಾಸ್ಕೆಟ್‌ಬಾಲ್‌ನ ಶಕೀಲ್ ಓನೀಲ್ ಕೂಡ ಎಡ್‌ಡಿ ಪದವೀಧರರೇ. 2012ರಲ್ಲಿ ಬ್ಯಾರಿ ವಿಶ್ವವಿದ್ಯಾಲಯದಿಂದ. ಏಳಡಿ ಎತ್ತರದ ಅವರಿಗೆ ಡಾಕ್ಟರ್ ಬಿಡಿ ಅಂತ ಹೇಳಲು ಯಾರಿಗೂ ಧೈರ್ಯ ಬಂದಂತಿಲ್ಲ.

ಟೀಕೆ ಪೂರ್ತಿ ಸುಳ್ಳೂ ಅಲ್ಲ. ಎಷ್ಟೋ ಕಡೆ ಎಡ್‌ಡಿ ಅಂದರೆ ಪಿಎಚ್‌ಡಿಗೆ ಸ್ವಲ್ಪ ನೀರು ಬೆರೆಸಿದ್ದು ಅನ್ನುವ ಹಾಗೇ ಇತ್ತು. 2005ರಲ್ಲಿ ಆರ್ಥರ್ ಲೆವಿನ್ ಶಾಲಾ ಆಡಳಿತಗಾರರ ತರಬೇತಿ ಬಗ್ಗೆ ಒಂದು ವರದಿ ಕೊಟ್ಟರು. ಅದರಲ್ಲಿ ಈ ಪದವಿಯನ್ನೇ ತೆಗೆದುಹಾಕಿ ಅಂದರು. ಅವರು ಬೇರೆ ಯಾರೋ ಅಲ್ಲ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಆಗಿನ ಅಧ್ಯಕ್ಷರು. ಆ ಬಿಸಿಯ ನಡುವೆಯೇ 2007ರಲ್ಲಿ ಕಾರ್ನೆಗಿ ಸಂಸ್ಥೆಯ ಬೆಂಬಲದಲ್ಲಿ ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ಎಡ್‌ಡಿಯನ್ನು ಹೊಸದಾಗಿ ಕಟ್ಟಲು ಕೂತವು. ಸಿಪೆಡ್ ಅಂತಾರಲ್ಲ, ಅದೇ ಗುಂಪು. ಅವರು ತಂದ ಮುಖ್ಯ ಬದಲಾವಣೆ: ಪ್ರಬಂಧ ಪುಸ್ತಕದ ಪ್ರಶ್ನೆಯಿಂದ ಶುರುವಾಗಬಾರದು, ನೀವು ದಿನಾ ಮಾಡುವ ಕೆಲಸದಲ್ಲಿ ಸಿಕ್ಕಿಕೊಂಡಿರುವ ಒಂದು ತೊಂದರೆಯಿಂದ ಶುರುವಾಗಬೇಕು. ಕೊನೆಗೆ ಆ ತೊಂದರೆ ಕೊಂಚವಾದರೂ ಕಡಿಮೆ ಆಯಿತಾ ಅಂತ ತೋರಿಸಬೇಕು.

ನನ್ನದನ್ನೇ ಹೇಳುತ್ತೇನೆ. ನಾನು ನ್ಯೂಜೆರ್ಸಿಯ ಒಂದು ಮಿಡಲ್ ಸ್ಕೂಲಿನಲ್ಲಿ ವೈಸ್ ಪ್ರಿನ್ಸಿಪಾಲ್. ಊರಲ್ಲಿದ್ದಾಗ ಹೈಸ್ಕೂಲಿಗೆ ಗಣಿತ ಪಾಠ ಮಾಡುತ್ತಿದ್ದೆ. ಇಲ್ಲಿಗೆ ಬಂದು, ಸಂಗಾತಿಯ ಜೊತೆ ಬಂದವರು ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲದ ಎಚ್4 ವೀಸಾದ ಗೃಹಬಂಧನ ಮುಗಿಸಿ, ಲೈಸೆನ್ಸ್ ತಗೊಂಡು ಮತ್ತೆ ತರಗತಿಗೆ ಹೋದದ್ದು. ನಮ್ಮ ಶಾಲೆಯ ತಲೆನೋವು ಗೈರುಹಾಜರಿ. ಇಲ್ಲಿ ಶಾಲೆ ವರ್ಷಕ್ಕೆ 180 ದಿನ. ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 18 ದಿನ ಯಾವ ಕಾರಣಕ್ಕೇ ತಪ್ಪಿಸಿದರೂ ಆ ಮಗು ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ಕೋವಿಡ್‌ಗೆ ಮೊದಲು ಈ ದೇಶದಲ್ಲಿ ಇಂಥ ಮಕ್ಕಳು ಶೇಕಡ 15ರ ಸುಮಾರು ಇದ್ದರು. 2021–22ರಲ್ಲಿ ಅದು ಶೇಕಡ 28ರ ಹತ್ತಿರ ಹೋಯಿತು. ನಮ್ಮ ಶಾಲೆಯಲ್ಲೂ ಅದೇ ಕಥೆ.

ಶಾಲೆ ಏನು ಮಾಡುತ್ತಿತ್ತು? ಪತ್ರ ಕಳಿಸುತ್ತಿತ್ತು. ಐದು ದಿನ ತಪ್ಪಿಸಿದರೆ ಒಂದು, ಹತ್ತು ದಿನ ತಪ್ಪಿಸಿದರೆ ಇನ್ನೊಂದು. ಕಂಪ್ಯೂಟರ್ ತಾನಾಗೇ ಪ್ರಿಂಟ್ ತೆಗೆಯುತ್ತಿತ್ತು. ಮೇಲೆ ಡಿಸ್ಟ್ರಿಕ್ಟಿನ (ಇಲ್ಲಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಲಾಂಛನ, ಒಳಗೆ ಕಾನೂನಿನ ಕಲಂ, ಕೆಳಗೆ ದಪ್ಪಕ್ಷರದಲ್ಲಿ ನ್ಯಾಯಾಲಯದ ಹೆಸರು. ನನ್ನ ಸಂಶೋಧನೆ ಅಂದರೆ ಇಷ್ಟೇ: ಈ ಪತ್ರ ಮನೆ ತಲುಪಿದ ಮೇಲೆ ಏನಾಗುತ್ತದೆ? ಅಮ್ಮಂದಿರ ಜೊತೆ ಕೂತು ಮಾತಾಡಿದೆ. ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಲಕೋಟೆಯನ್ನೇ ತೋರಿಸಿದರು. ಒಡೆದಿರಲಿಲ್ಲ. ಫ್ರಿಜ್ ಮೇಲೆ ಅಂಥದ್ದೇ ಇನ್ನೂ ಕೆಲವು ಇದ್ದವು. "ಕೋರ್ಟಿನ ಕಾಗದ ಅಂದುಕೊಂಡೆ, ಹೆದರಿಕೆ ಆಯ್ತು" ಅಂದರು. ಅವರ ಮಗ ಬೆಳಿಗ್ಗೆ ತಂಗಿಯನ್ನು ಎಬ್ಬಿಸಿ, ತಿಂಡಿ ಕೊಟ್ಟು, ಅವಳ ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಇವನ ಬಸ್ಸು ಹೋಗಿರುತ್ತಿತ್ತು. ನಮ್ಮ ರಿಜಿಸ್ಟರಿನಲ್ಲಿ ಅವನು ಗೈರು, ಅಷ್ಟೇ. ಊರಲ್ಲಿ ದಾಖಲಾತಿ ಆಂದೋಲನಕ್ಕೆ ಮನೆಮನೆ ತಿರುಗಿದ ಮೇಷ್ಟ್ರುಗಳಿಗೆ ಇದೇನೂ ಹೊಸದಲ್ಲ, ಅಲ್ವಾ?

ಆಮೇಲೆ ಪತ್ರ ಬದಲಾಯಿಸಿದೆವು. ಒಂದು ಪುಟ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್, ಕೆಳಗೆ ನಿಜವಾದ ಒಬ್ಬ ಮನುಷ್ಯರ ಹೆಸರು ಮತ್ತು ಫೋನ್ ನಂಬರ್. ಒಂದು ತರಗತಿಗೆ ಮೊದಲು ಕಳಿಸಿ ನೋಡುವುದು, ಏನಾಯಿತು ಅಂತ ಲೆಕ್ಕ ಹಾಕುವುದು, ತಿದ್ದಿ ಮತ್ತೆ ಕಳಿಸುವುದು. ಕೆಲವು ಮನೆಗಳಿಂದ ಫೋನ್ ಬರತೊಡಗಿತು. ಕೆಲವು ಮಕ್ಕಳ ಹಾಜರಿ ಸುಧಾರಿಸಿತು, ಕೆಲವರದ್ದು ಏನೂ ಆಗಲಿಲ್ಲ. ಬಸ್ಸಿನ ಸಮಯ ಬದಲಾಯಿಸುವುದು ನನ್ನ ಕೈಯಲ್ಲಿರಲಿಲ್ಲ, ಅದನ್ನೂ ಪ್ರಬಂಧದಲ್ಲಿ ಬರೆದೆ. ಜಗತ್ತಿಗೇ ಹೊಸ ಸಿದ್ಧಾಂತ ಏನೂ ಹುಟ್ಟಲಿಲ್ಲ. ಆದರೆ ಆ ಹಳೆಯ ಪತ್ರ ಈಗ ನಮ್ಮ ಶಾಲೆಯಿಂದ ಹೋಗುವುದಿಲ್ಲ.

ಸುಲಭವಾ ಅಂತ ಕೇಳಿದಿರಲ್ಲ, ಅದಕ್ಕೆ ಬರುತ್ತೇನೆ. ಓದು, ಬರವಣಿಗೆ, ಸಂದರ್ಶನಗಳನ್ನು ಕೂತು ಬರೆದಿಳಿಸುವುದು, ಎಲ್ಲ ಪಿಎಚ್‌ಡಿಯ ಹಾಗೇ ಇರುತ್ತದೆ. ಕಷ್ಟ ಇರುವುದು ಬೇರೆ ಕಡೆ. ನೀವು ಸಂಶೋಧನೆ ಮಾಡುವುದು ನಿಮ್ಮ ಸಹೋದ್ಯೋಗಿಗಳ ಮೇಲೆ, ನಿಮ್ಮದೇ ಶಾಲೆಯ ಪೋಷಕರ ಮೇಲೆ. ಇಲ್ಲಿ ಮನುಷ್ಯರ ಮೇಲೆ ಸಂಶೋಧನೆ ಮಾಡಲು ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಬೇಕು, ಐಆರ್‌ಬಿ ಅಂತಾರೆ. ಟಸ್ಕೆಗೀಯಲ್ಲಿ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಅಂತ ದಶಕಗಟ್ಟಲೆ ನೋಡುತ್ತಾ ಕೂತಿದ್ದರಲ್ಲ, ಅದು 1972ರಲ್ಲಿ ಬಯಲಾಯಿತು. ಇಂಥ ಸಮಿತಿ ಬೇಕೇ ಬೇಕು ಅಂತ 1974ರಲ್ಲಿ ಕಾನೂನು ಬಂತು. ಆ ಸಮಿತಿ ನನ್ನನ್ನು ಕೇಳಿದ ಪ್ರಶ್ನೆ: "ಈ ಶಿಕ್ಷಕರ ವಾರ್ಷಿಕ ಮೌಲ್ಯಮಾಪನ ಬರೆಯುವವರು ನೀವೇ. ಸಂದರ್ಶನ ಕೊಡಿ ಅಂತ ನೀವೇ ಕೇಳಿದರೆ ಅವರು ಬೇಡ ಅನ್ನುವುದು ಹೇಗೆ?"

ನಿಜ ಹೇಳಬೇಕೆಂದರೆ, ಮೊದಲು ಸಿಟ್ಟು ಬಂತು. ಎಲ್ಲರೂ ನನ್ನ ಸ್ನೇಹಿತರೇ, ಮಧ್ಯಾಹ್ನ ಜೊತೆಗೆ ಊಟ ಮಾಡುವವರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕೊನೆಗೆ ಒಪ್ಪಿಗೆ ಪತ್ರ ಕೊಟ್ಟದ್ದೂ, ಶಿಕ್ಷಕರ ಸಂದರ್ಶನ ಮಾಡಿದ್ದೂ ನನ್ನ ಬ್ಯಾಚಿನ ಇನ್ನೊಬ್ಬರು, ಬೇರೆ ಡಿಸ್ಟ್ರಿಕ್ಟಿನವರು. ಹೆಸರು ತೆಗೆದ ಪ್ರತಿಗಳು ಮಾತ್ರ ನನಗೆ ಸಿಕ್ಕಿದವು. ಅದರಲ್ಲಿ ಒಬ್ಬರು ವೈಸ್ ಪ್ರಿನ್ಸಿಪಾಲರ ಬಗ್ಗೆ, ಅಂದರೆ ನನ್ನ ಬಗ್ಗೆ, ನನ್ನ ಮುಖಕ್ಕೆ ಎಂದೂ ಹೇಳದ ಮಾತು ಹೇಳಿದ್ದರು. ಯಾರು ಅಂತ ಊಹೆ ಮಾಡದೆ ಮರುದಿನ ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿಯುವುದು ಇದೆಯಲ್ಲ, ಅದಕ್ಕೆ ಯಾವ ಕೋರ್ಸಿನಲ್ಲೂ ಪಾಠ ಇಲ್ಲ. ಹೊರಗಿನಿಂದ ಬಂದು ಅಧ್ಯಯನ ಮಾಡಿ ಹೋಗುವ ಪಿಎಚ್‌ಡಿಯವರಿಗೆ ಈ ಫಜೀತಿ ಕಡಿಮೆ.

ದುಡ್ಡಿನ ವಿಷಯ ಚುಟುಕಾಗಿ. ಪಿಎಚ್‌ಡಿಗೆ ಇಲ್ಲಿ ಫೀಸು ಮಾಫಿ, ಸ್ಟೈಪೆಂಡ್ ಸಿಗುವುದುಂಟು. ಎಡ್‌ಡಿಗೆ ಸಾಮಾನ್ಯವಾಗಿ ನಿಮ್ಮ ಜೇಬೇ ಗತಿ. ಕೆಲಸ ಕೊಟ್ಟವರು ಓದಿಗೆ ಕೊಡುವ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ, ಡಿಸ್ಟ್ರಿಕ್ಟಿನವರನ್ನು ಕೇಳಿ ನೋಡಿ. ಬಹಳಷ್ಟು ಡಿಸ್ಟ್ರಿಕ್ಟ್‌ಗಳ ಸಂಬಳದ ಪಟ್ಟಿಯಲ್ಲಿ ಡಾಕ್ಟರೇಟ್‌ಗೆ ಬೇರೆ ಕಾಲಂ ಇರುತ್ತದೆ. ಸಹಿ ಹಾಕುವ ಮೊದಲು ಆ ಕಾಲಂ ತೆಗೆದು, ಫೀಸು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿ. ಗ್ರೀನ್ ಕಾರ್ಡ್ ಆಗಿ ಸರ್ಕಾರಿ ಸಾಲ ನಂಬಿಕೊಂಡವರಿಗೆ ಇನ್ನೊಂದು ಮಾತು. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಸಾಲ ಎಷ್ಟು ಸಿಗುತ್ತದೆ ಅಂತ ಮೊದಲೇ ವಿಚಾರಿಸಿ.

ಈಗ ಊರಿನ ಮೇಷ್ಟ್ರುಗಳಿಗೆ. ನಿಮಗೆ ಫೇಸ್‌ಬುಕ್‌ನಲ್ಲಿ "ಮನೆಯಲ್ಲೇ ಕೂತು ವಿದೇಶಿ ಡಾಕ್ಟರೇಟ್" ಅಂತ ಜಾಹೀರಾತು ಬರುತ್ತಿರಬಹುದು. ದುಡ್ಡು ಕಟ್ಟುವ ಮೊದಲು ಒಂದು ವಿಷಯ ತಿಳಿದಿರಲಿ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ, ಎಐಸಿಟಿಇ ಎರಡೂ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಸಿವೆ. ಹೆಸರು ಎಡ್‌ಡಿ ಅಂತ ಇದ್ದ ಮಾತ್ರಕ್ಕೆ ಬಡ್ತಿಗೆ, ನೇಮಕಾತಿಗೆ ನಡೆಯುತ್ತದೆ ಅಂತ ನಂಬಬೇಡಿ. ಊರಲ್ಲೇ ಕೆಲಸದಲ್ಲಿರುವವರಿಗೆ ನೇರ ದಾರಿ ಪಾರ್ಟ್‌ಟೈಮ್ ಪಿಎಚ್‌ಡಿ. 2022ರ ಯುಜಿಸಿ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಇಲಾಖೆಯ ಎನ್‌ಒಸಿ ಬೇಕು, ಕೋರ್ಸ್‌ವರ್ಕ್ ಮುಗಿಸಬೇಕು, ಕನಿಷ್ಠ 3 ವರ್ಷ. ಎನ್‌ಒಸಿಗಾಗಿ ಬಿಇಒ ಕಚೇರಿಗೆ ತಿರುಗುವ ವರ್ಷ ಇದರಲ್ಲಿ ಸೇರಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಪಿಎಚ್‌ಡಿಗೆ ಸೇರಿದ ತಕ್ಷಣ ನಮ್ಮ ಮೇಷ್ಟ್ರುಗಳು ತಮ್ಮ ಶಾಲೆಯನ್ನೇ ಮರೆತುಬಿಡುತ್ತಾರೆ. "ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆ ಮತ್ತು ಸ್ವಪರಿಕಲ್ಪನೆಯ ನಡುವಿನ ಸಂಬಂಧ: ಒಂದು ಅಧ್ಯಯನ." ಇಂಥ ಶೀರ್ಷಿಕೆ ನೀವೂ ಎಷ್ಟೋ ನೋಡಿರುತ್ತೀರಿ. ತಾಲ್ಲೂಕಿನ ಹೆಸರು ಬದಲಾಯಿಸಿದರೆ ಇನ್ನೊಂದು ಪಿಎಚ್‌ಡಿ ಆಗುತ್ತದೆ. ಪ್ರಶ್ನಾವಳಿ ಹಂಚುವುದು, ಟಿ-ಟೆಸ್ಟ್ ಅನ್ನುವ ಅಂಕಿಅಂಶದ ಲೆಕ್ಕ ಹಾಕುವುದು, ಬೈಂಡಿಂಗ್ ಮಾಡಿಸುವುದು. ಅದೇ ಮೇಷ್ಟ್ರು ಬಿಎಡ್‌ನಲ್ಲಿ ಕ್ರಿಯಾ ಸಂಶೋಧನೆ ಮಾಡಿರುತ್ತಾರೆ, ಶಿಕ್ಷಕರ ಜಿಲ್ಲಾ ತರಬೇತಿ ಸಂಸ್ಥೆ ಡಯಟ್‌ಗೂ ವರದಿ ಬರೆದು ಕೊಟ್ಟಿರುತ್ತಾರೆ. ಏಳನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಯಾಕೆ ಬರುತ್ತಿಲ್ಲ, ಏನು ಮಾಡಿದರೆ ಬಂತು ಅಂತ. ನನ್ನನ್ನು ಕೇಳಿದರೆ ಎಡ್‌ಡಿಯ ಬೀಜ ಆ ಸ್ಪೈರಲ್ ಬೈಂಡಿಂಗಿನ ವರದಿಯಲ್ಲೇ ಇದೆ. ಅದನ್ನು ಯಾರೂ ಓದುವುದಿಲ್ಲ, ಬೀರುವಿಗೆ ಹೋಗುತ್ತದೆ.

ಹಾಗಂತ ನಮ್ಮಲ್ಲಿ ಇಂಥದ್ದು ಆಗಿಯೇ ಇಲ್ಲ ಅಂತಲ್ಲ. ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಪದ್ಧತಿ ನೋಡಿಕೊಂಡು ಬಂದು, ತಾವೇ ಕೂತು ಕಾರ್ಡುಗಳನ್ನು ತಯಾರಿಸಿದರು. ತಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಿದರು, ತಿದ್ದಿದರು. ಯುನಿಸೆಫ್ ನೆರವು ಕೊಟ್ಟಿತು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಮೇಲಿನಿಂದ ಕೆಳಕ್ಕೆ ಹಂಚುವಾಗ ಅದರ ಜೀವ ಎಷ್ಟು ಉಳಿಯಿತು ಅನ್ನುವುದು ಬೇರೆ ಜಗಳ, ಅದಕ್ಕೆ ಇನ್ನೊಂದು ಪೋಸ್ಟೇ ಬೇಕು. ಮೊದಲ ವರ್ಷಗಳಲ್ಲಿ ಕೋಟೆಯ ಮೇಷ್ಟ್ರುಗಳು ಮಾಡಿದ ಕೆಲಸಕ್ಕೆ ಇಲ್ಲಿನ ಯಾವ ಒಳ್ಳೆಯ ಎಡ್‌ಡಿ ಸಮಿತಿಯೂ ಕಣ್ಣು ಮುಚ್ಚಿ ಸಹಿ ಹಾಕುತ್ತಿತ್ತು.

ನಮ್ಮ ವಿಶ್ವವಿದ್ಯಾಲಯಗಳು ಅಂಥ ಕೆಲಸವನ್ನು ಡಾಕ್ಟರೇಟ್‌ಗೆ ಸಮ ಅಂತ ಒಪ್ಪುವ ದಿನ ಬರಲಿ, ಆಗ ಊರಿನ ಮೇಷ್ಟ್ರುಗಳಿಗೆ ನಾನೇ ಮೊದಲು ಫೋನ್ ಮಾಡಿ ಸೇರಿ ಅನ್ನುತ್ತೇನೆ. ಅಲ್ಲಿಯವರೆಗೆ ಪಿಎಚ್‌ಡಿಗೆ ಹೋಗುವವರು ಗೈಡ್ ಹತ್ತಿರ ಸ್ವಲ್ಪ ಹಟ ಹಿಡಿಯಿರಿ. ವಿಷಯ ನಿಮ್ಮ ಶಾಲೆಯದ್ದೇ ಇರಲಿ. "ಸ್ಯಾಂಪಲ್ ಸಣ್ಣದಾಯ್ತು ಕಣ್ರೀ" ಅಂತಾರೆ, ಅನ್ನಲಿ ಬಿಡಿ.

ಯಾವ ಯೂನಿವರ್ಸಿಟಿ, ಎಷ್ಟು ಫೀಸು, ಆನ್‌ಲೈನ್ ಇದೆಯಾ ಅಂತ ಸುಮ್ನೆ ಮೆಸೇಜ್ ಹಾಕಬೇಡಿ, ಅವೆಲ್ಲ ಅವರವರ ವೆಬ್‌ಸೈಟಿನಲ್ಲೇ ಇರುತ್ತವೆ. ನಿಮ್ಮ ಶಾಲೆಯಲ್ಲಿ ನಿಮ್ಮನ್ನು ಕಾಡುತ್ತಿರುವುದು ಏನು ಅಂತ ಎರಡು ಸಾಲು ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ. ಶನಿವಾರ ಬೆಳಿಗ್ಗೆ ಕೂತು ಉತ್ತರ ಬರೆಯುತ್ತೇನೆ.