ರೂಮಲ್ಲಿ ಬರ್ತಿತ್ತು ಮೇಡಂ

ಮಂಗಳೂರಿನ ಮಳೆಗಾಲದಲ್ಲಿ ಮಧ್ಯಾಹ್ನದ ಲ್ಯಾಬ್ ಅಂದರೆ ಹೇಗಿರ್ತದೆ ಗೊತ್ತಲ್ವಾ? ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ, ಹೋಗಿ ಬಂದು ಮಾಡುವ ಕರೆಂಟು. ಅದೆಲ್ಲ ಅಭ್ಯಾಸ ಆಗಿದೆ. ಆಗದೇ ಇರುವುದು, ಪ್ರೋಗ್ರಾಂ ಇಲ್ಲಿ ಕೈಕೊಟ್ಟಾಗ ಹುಡುಗರು ಹೇಳುವ ಒಂದೇ ಮಾತು: "ರೂಮಲ್ಲಿ ಬರ್ತಿತ್ತು ಮೇಡಂ."

ಇವತ್ತು ಸಿ ಭಾಷೆಯ ಲಿಂಕ್ಡ್ ಲಿಸ್ಟ್, ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಡಬ್ಬಿಗಳ ಸಾಲು; ಒಂದೊಂದು ಡಬ್ಬಿಯೂ ಒಂದು ನೋಡ್. ಅಂಕಿ, ಹೆಸರು, ದಶಾಂಶ, ಯಾವುದನ್ನಾದರೂ ಇಡುವಂತಿರಬೇಕು. ಅದಕ್ಕೇ ನೋಡ್ ಒಳಗೆ ವಾಯ್ಡ್ ಪಾಯಿಂಟರ್. ಪಾಯಿಂಟರ್ ಅಂದರೆ ಡೇಟಾ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಅಡ್ರೆಸ್ ಇಟ್ಟುಕೊಳ್ಳುವಂಥದ್ದು; ಇದು ವಾಯ್ಡ್ ಆದ್ದರಿಂದ ಯಾವ ಡೇಟಾದ ಅಡ್ರೆಸ್ ಕೊಟ್ಟರೂ ತಗೊಳ್ತದೆ, ಒಳಗೆ ಎಂಥದು ಅಂತ ಕೇಳುವುದೇ ಇಲ್ಲ. ಇಟ್ಟವರೇ ನೆನಪಿಟ್ಟುಕೊಳ್ಳಬೇಕು. ಫ್ಲೋಟ್ (ದಶಾಂಶ) 1.0 ಇಟ್ಟು ಇಂಟ್ (ಪೂರ್ಣಾಂಕ) ಅಂತ ತೆಗೆದರೆ 1065353216 ಬರ್ತದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ.

ನಮ್ಮ ಹುಡುಗ ಫಂಕ್ಷನ್ನಿನೊಳಗಿನ ಲೋಕಲ್ ವೇರಿಯೇಬಲ್‌ನ ಅಡ್ರೆಸ್ಸನ್ನೇ ನೋಡ್‌ಗೆ ತುಂಬಿಸಿದ್ದ. ಫಂಕ್ಷನ್ ಮುಗಿಯಿತು, ವೇರಿಯೇಬಲ್ ಹೋಯಿತು, ಸ್ಕ್ರೀನಲ್ಲಿ ಏನೇನೋ ಕಸ. "ರೂಮಲ್ಲಿ ಬರ್ತಿತ್ತು ಮೇಡಂ."

ಮ್ಯಾಲಕ್ ಮಾಡು, ಅಂದರೆ ಫಂಕ್ಷನ್ ಮುಗಿದರೂ ಉಳಿಯುವ ಜಾಗ ಮೆಮೊರಿಯಲ್ಲಿ ಕೇಳಿ ತಗೋ ಅಂದೆ. ಮಾಡಿದ, ಮತ್ತೆ ಮತ್ತೆ ಓಡುವ ಲೂಪಿನ ಹೊರಗೆ, ಒಂದೇ ಸಲ! ಎಲ್ಲ ನೋಡ್‌ಗೂ ಅದೇ ಅಡ್ರೆಸ್. 10, 20, 30 ಕೊಟ್ಟರೆ 30, 30, 30. "ಒಂದಾದರೂ ಸರಿ ಬಂತಲ್ಲ ಮೇಡಂ." ಲೂಪಿನ ಒಳಗೆ ಹಾಕಿಸಿದೆ. ಈಗ ಪ್ರಿಂಟ್ ಮಾಡುವ ಮೊದಲೇ ಫ್ರೀ ಮಾಡಿ ಜಾಗ ವಾಪಸ್ ಕೊಟ್ಟಿಟ್ಟ. ಸೆಗ್ಮೆಂಟೇಶನ್ ಫಾಲ್ಟ್: ತನ್ನದಲ್ಲದ ಜಾಗ ಮುಟ್ಟಿದ್ದಕ್ಕೆ ಪ್ರೋಗ್ರಾಂ ಅಲ್ಲೇ ನಿಂತಿತು.

"ರೂಮಲ್ಲಿ..."

"ನಿನ್ನ ರೂಮಲ್ಲಿ ಎಂಥ ವಿಶೇಷ ಉಂಟು ಮಾರಾಯ?"

ಸ್ವಲ್ಪ ಯೋಚಿಸಿದ. "ಅಲ್ಲಿ ಫ್ಯಾನ್ ಸರಿ ಉಂಟು ಮೇಡಂ."

ಹೊಟ್ಟೆ ಉರಿಯುವುದು ಯಾಕೆಂದರೆ, ಅವನು ಹೇಳುವುದು ಸುಳ್ಳೇ ಇರಲಿಕ್ಕಿಲ್ಲ. ಬಿಟ್ಟುಹೋದ ಜಾಗದಲ್ಲಿ ಬೇರೆ ಯಾರೂ ಬಂದು ಕೂರುವ ತನಕ ಹಳೇ ಡೇಟಾ ಅಲ್ಲೇ ಬಿದ್ದಿರಬಹುದು. ಅದೃಷ್ಟ ಇದ್ದರೆ ಸರಿಯಾಗಿಯೇ ಪ್ರಿಂಟ್ ಆಗ್ತದೆ. ಆದರೆ ಎಕ್ಸ್‌ಟರ್ನಲ್ ಪರೀಕ್ಷಕರು ಬರುವುದು ಲ್ಯಾಬಿಗೆ, ಇವನ ರೂಮಿಗಲ್ಲ.

ಕೊನೆಗೆ ಜ್ಯೋತಿ ಟಾಕೀಸಿನ ಬಸ್ ಸ್ಟಾಪಿನ ಉದಾಹರಣೆ ಕೊಟ್ಟೆ. ಟಾಕೀಸು ಹೋಯಿತು, ಕಂಡಕ್ಟರ್ ಮಾತ್ರ ಈಗಲೂ "ಜ್ಯೋತಿ, ಜ್ಯೋತಿ" ಅಂತಾನೆ, ನಾವೂ ಇಳಿಯುತ್ತೇವೆ. ಅಡ್ರೆಸ್ ಉಂಟು, ಆಸಾಮಿ ಇಲ್ಲ. ಅದೇ ಡ್ಯಾಂಗ್ಲಿಂಗ್ ಪಾಯಿಂಟರ್.

"ನೀವು ಅಲ್ಲಿ ಸಿನಿಮಾ ನೋಡಿದ್ದೀರಾ ಮೇಡಂ?" ಇಡೀ ಲ್ಯಾಬಿನ ಕಿವಿ ನೆಟ್ಟಗಾಯಿತು. ನೋಡಿದ್ದೆ. ಅಪ್ಪನ ಜೊತೆ. ಇಂಟರ್ವಲ್ಲಿನಲ್ಲಿ ಕಡಲೆ ಕೊಡಿಸುತ್ತಿದ್ದರು, ಅರ್ಧ ಅವರೇ ತಿನ್ನುತ್ತಿದ್ದರು. ಈ ಹುಡುಗರಿಗೆ ಅದನ್ನೆಲ್ಲ ಹೇಳಿ ಏನು? ಲ್ಯಾಬ್ ರೆಕಾರ್ಡ್ ಪುಸ್ತಕ ತೆಗಿ ಅಂದೆ.

ತೆಗೆದ. ಪೆನ್ಸಿಲಿನಲ್ಲಿ ಚೌಕ ಎಳೆದು ಔಟ್‌ಪುಟ್ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ: 10, 20, 30. ಪ್ರೋಗ್ರಾಂ ಇನ್ನೂ ಸರಿಯಾಗಿ ಓಡಿಯೇ ಇಲ್ಲ.

"ಸೈನ್ ಹಾಕ್ತೀರಾ ಮೇಡಂ? ಬಸ್ಸಿಗೆ ಹೊತ್ತಾಯ್ತು."