ಹತ್ತಲಾಗದ ಫುಟ್‌ಪಾತ್

ಬೆಂಗಳೂರಿನಲ್ಲಿ ವಯಸ್ಸಾದವರು ಫುಟ್‌ಪಾತ್ ಬಿಟ್ಟು ರಸ್ತೆಯಲ್ಲೇ ಯಾಕೆ ನಡೆಯುತ್ತಾರೆ ಗೊತ್ತಾ? ಹತ್ತೋಕೆ ಆಗಲ್ಲ, ಅದಕ್ಕೆ. ಅಂಚುಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು ಎಂದು ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಬೀದಿಯಲ್ಲಿ ಅದು ಅಮ್ಮನ ಮಂಡಿ ಹತ್ತಿರ ಬರುತ್ತದೆ. ಕೋಲು ಮೇಲಿಟ್ಟು, ಲೈಟುಕಂಬ ಹಿಡಿದು ಒಂದು ಕಾಲು ಎತ್ತಿಡುತ್ತಾಳೆ. ಇನ್ನೊಂದು ಕಾಲು ಬರೋದೇ ಇಲ್ಲ. ಹೇಗೋ ಹತ್ತಿದರೆ, ನಾಲ್ಕು ಹೆಜ್ಜೆಗೆ ಯಾರದೋ ಗೇಟು, ಮತ್ತೆ ಇಳಿಯಬೇಕು. ಕಾರಿಗೆ ಮಾತ್ರ ಅಲ್ಲಿ ನುಣ್ಣನೆ ಇಳಿಜಾರು! ಕಾರಿನ ಚಕ್ರ ಕಂಡವರಿಗೆ ಮುದುಕರ ಕಾಲು ಕಾಣಲ್ವಾ? ಮೊದಲೆಲ್ಲ ಔಷಧಿ ಅಂಗಡಿಗೆ ಅವಳೇ ಹೋಗಿಬರುತ್ತಿದ್ದಳು. ಈಗ ನಾನು ಆಫೀಸಿನಿಂದ ಬರುವವರೆಗೂ ಸುಮ್ನೆ ಕಾಯುತ್ತಾಳೆ. ನನಗೆ ಜಾಸ್ತಿ ಸಿಟ್ಟು ಬರೋದು ಅದಕ್ಕೇ. ದಯವಿಟ್ಟು ಕಲ್ಲು ಕೂರಿಸುವಾಗ ಎತ್ತರ ಅಳೆಯಿರಿ. ಬಸ್ ಸ್ಟಾಪಿಗೆ ಒಂದು ಬೆಂಚನ್ನೂ ಹಾಕಿ.