ರಸಬಾಳೆಯ ಘನಫಲ

ಮೊನ್ನೆ ಮಂಗಳವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ, ನನ್ನ ಕೈಯಿಂದಲೇ ದುಡ್ಡು ಕೊಟ್ಟು ನಾಲ್ಕು ನಂಜನಗೂಡು ರಸಬಾಳೆ ತಂದೆ. ತಿನ್ನುವುದಕ್ಕಲ್ಲ, ಬರೆಸುವುದಕ್ಕೆ. ನಾನು ಮೈಸೂರಿನ ಒಂದು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ಅಸಲಿ ರಸಬಾಳೆ ಸಿಗುವುದೇ ಅಪರೂಪ. "ಇದು ನಂಜನಗೂಡಿನದೇ ತಾನೆ?" ಎಂದು ಕೇಳಿದಾಗ ಅಂಗಡಿಯಾತ ನನ್ನನ್ನು ನೋಡಿದ ನೋಟವನ್ನೂ ಒಂದು ಹಾಳೆಯಲ್ಲಿ ಬರೆದಿಡಬಹುದಿತ್ತು.

ಮನೆಯಿಂದ ಹಿತ್ತಾಳೆ ಚೆಂಬನ್ನೂ ಒಯ್ದಿದ್ದೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಎಡಗಡೆಯ ಕಿಟಕಿಯ ಬೆಳಕು ಬೀಳುವಂತೆ ಹಣ್ಣುಗಳನ್ನು ಜೋಡಿಸಿ, ಒಂಬತ್ತನೇ ತರಗತಿಗೆ ಹೇಳಿದೆ: "ಬಾಳೆಹಣ್ಣು ಎಂದರೆ ಬಿದಿಗೆ ಚಂದ್ರನಲ್ಲ. ಮೈಮೇಲೆ ಏಣುಗಳಿವೆ, ನೋಡಿ. ಒಂದು ಕಡೆ ಬೆಳಕು, ಪಕ್ಕದಲ್ಲೇ ನೆರಳು. ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆಯಿರಿ."

ಜೂನ್‌ನಿಂದ ನಾನು ಹೇಳುತ್ತಿರುವುದು ಇದೊಂದನ್ನೇ. ನಮ್ಮ ತರಗತಿಯ ಕಿಟಕಿಯಲ್ಲಿ ಚಾಮುಂಡಿ ಬೆಟ್ಟ ಇಡೀ ದಿನ ಕೂತಿರುತ್ತದೆ. ಆದರೂ ಬೆಟ್ಟ ಬರೆಯಿರಿ ಎಂದರೆ ನಲವತ್ತು ಮಕ್ಕಳೂ ಎರಡು ತ್ರಿಕೋನ ಎಳೆದು ನಡುವೆ ಸೂರ್ಯನನ್ನು ಸಿಕ್ಕಿಸುತ್ತಾರೆ. ತ್ರಿಕೋನದ ಮೇಲೆ ಇವರಿಗಿರುವ ಪ್ರೀತಿ ಗಣಿತದ ಮೇಷ್ಟ್ರಿಗೆ ಗೊತ್ತಾದರೆ ಕಣ್ಣಲ್ಲಿ ನೀರು ಬಂದೀತು.

ಗಣಿತದ ಮೇಷ್ಟ್ರು ಎಂದೆನಲ್ಲ, ಅವರ ವಿಷಯಕ್ಕೇ ಬರುತ್ತಿದ್ದೆ. ಅವರು ತರಗತಿಯೊಳಕ್ಕೆ ಒಮ್ಮೆಲೇ ಬರುವುದಿಲ್ಲ. ಮೊದಲು ಬಾಗಿಲಲ್ಲಿ ತಲೆ ಕಾಣಿಸುತ್ತದೆ, ಆಮೇಲೆ ಸೀಮೆಸುಣ್ಣದ ಡಬ್ಬಿ, ಕೊನೆಗೆ ಮಾತು: "ಹತ್ತೇ ನಿಮಿಷ, ಮೇಷ್ಟ್ರೇ." ಅವರ ಹತ್ತು ನಿಮಿಷ ಒಂದು ಪೂರ್ತಿ ಪಿರಿಯಡ್ಡಿಗೆ ಸಮ ಎಂಬುದು ನಮ್ಮ ಶಾಲೆಯ ಪ್ರಮೇಯ, ಸಾಧನೆ ವಾರವಾರವೂ ನಡೆಯುತ್ತದೆ. ಜುಲೈನಲ್ಲಿ ಪೋರ್ಷನ್ ಶುರುವೇ ಆಗಿರಲಿಲ್ಲ. ಆಗಸ್ಟ್‌ನಲ್ಲಿ ಕ್ರೀಡಾಕೂಟ ಪಿರಿಯಡ್ಡುಗಳನ್ನೆಲ್ಲ ತಿಂದಿತ್ತು. ದಸರಾ ರಜೆ ಮುಗಿಸಿ ಬಂದ ಮಕ್ಕಳು ಕಲಿತದ್ದನ್ನೆಲ್ಲ ಮರೆತಿದ್ದರು. ಜನವರಿಯಿಂದ ಈಚೆಗೆ ಕಾರಣ ಹೇಳುವುದನ್ನೇ ಬಿಟ್ಟಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರಕಲೆಗೆ ಪ್ರಶ್ನೆಪತ್ರಿಕೆ ಇಲ್ಲ. ಇನ್ನು ನಾನು ಯಾವ ಬಾಯಲ್ಲಿ ಇಲ್ಲ ಎನ್ನಲಿ?

ಮಂಗಳವಾರ ನನಗೆ ಎರಡು ಪಿರಿಯಡ್ ಒಟ್ಟಿಗೆ. ಒಂದು ಹೋಯಿತು ಎಂದುಕೊಂಡು ಹೊರಗೆ ಬಂದರೆ ಮುಖ್ಯೋಪಾಧ್ಯಾಯರು ಕಾದಿದ್ದರು. "ಹೇಗೂ ಬಿಡುವಾಗಿದ್ದೀರಲ್ಲ, ನಿಮ್ಮ ಅಕ್ಷರವೂ ಮುತ್ತಿನಂತಿದೆ." ಪ್ರತಿಭಾ ಕಾರಂಜಿಯ ಪ್ರಮಾಣಪತ್ರಗಳಿಗೆಲ್ಲ ಹೆಸರು ಬರೆದವನು ನಾನೇ. ಈ ಸಲ ಬೀಳ್ಕೊಡುಗೆ ಸಮಾರಂಭದ ಫಲಕ. 'ಹಾರ್ದಿಕ ಸ್ವಾಗತ' ಎಂದು ಬರೆದು, ಗುಲಾಬಿ ಬಣ್ಣದ ನೆರಳು ಕೊಟ್ಟು ಮರಳಿದೆ.

ಚೆಂಬು ಉತ್ತರಪತ್ರಿಕೆಗಳು ಹಾರದಂತೆ ಅವುಗಳ ಮೇಲೆ ಕೂತಿತ್ತು. ನೀಲಿ ಬಟ್ಟೆಯ ಮೇಲೆ ಹಣ್ಣಿರಲಿಲ್ಲ. ನಾಲ್ಕು ಸಿಪ್ಪೆಗಳು ಅಚ್ಚುಕಟ್ಟಾಗಿ ಹರವಿಕೊಂಡು ಮಲಗಿದ್ದವು.

"ಮೇಲ್ಮೈ ವಿಸ್ತೀರ್ಣ," ಎಂದರು ಗಣಿತದ ಮೇಷ್ಟ್ರು ಸಿಪ್ಪೆ ತೋರಿಸುತ್ತ. ಸಿಲಿಂಡರಿನ ಪಾಠವಂತೆ. ಸುಲಿದು ಹರವಿದರೆ ವಿಸ್ತೀರ್ಣ, ಒಳಗೆ ಉಳಿದದ್ದು ಘನಫಲ. ಘನಫಲ ಎಲ್ಲಿ ಎಂದು ನಾನು ಕೇಳಲಿಲ್ಲ. ಅವರ ಮೀಸೆಯ ಅಂಚಿನಲ್ಲಿ ಸ್ವಲ್ಪ ಕಾಣುತ್ತಿತ್ತು. "ಒಂದು ಸಾಲದೇ?" ಎಂದೆ. "ಹಿಂದಿನ ಬೆಂಚಿನವರಿಗೆ ಅರ್ಥವಾಗಲಿಲ್ಲ, ಮೇಷ್ಟ್ರೇ. ನಾಲ್ಕು ಸಲ ಹೇಳಬೇಕಾಯಿತು." ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ನೆರಡು ದಿನ ಮಾಗಬೇಕಿತ್ತು," ಎಂದು ಬೇರೆ ಹೇಳಿದರು.

ಹಾಳೆಗಳನ್ನು ಒಟ್ಟುಮಾಡಿದೆ. ಹೆಚ್ಚಿನವರದು ಬಿದಿಗೆ ಚಂದ್ರ. ಕಿಟಕಿಯ ಪಕ್ಕದ ಒಬ್ಬ ಹುಡುಗಿ ಮಾತ್ರ ಸಿಪ್ಪೆಯನ್ನೇ ಬರೆದಿದ್ದಳು: ಮಗುಚಿದ ಅಂಚು, ಒಳಮೈಯ ನಾರು, ತೊಟ್ಟಿನ ಕಪ್ಪು. ಹಾಳೆಯ ಮೂಲೆಯಲ್ಲಿ ಅರ್ಧ ಹಣ್ಣು ಹಿಡಿದ ಒಂದು ಕೈ, ಬೆರಳ ತುದಿಯಲ್ಲಿ ಸೀಮೆಸುಣ್ಣ. ಗಣಿತದ ಪುಸ್ತಕದ ಮರೆಯಲ್ಲಿ ಬರೆದದ್ದಂತೆ. "ಕಂಡಿದ್ದನ್ನು ಬರೆಯಿರಿ ಎಂದು ನೀವೇ ಹೇಳಿದ್ದಿರಲ್ಲ, ಸರ್?"

ಡಿಸೆಂಬರ್‌ನಲ್ಲಿ ಜಗನ್ಮೋಹನ ಅರಮನೆಗೆ ಹೋದಾಗ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದಿನಿಂದ ಕದಲದೆ ನಿಂತವಳು ಇವಳೇ. ಮಿಕ್ಕವರೆಲ್ಲ "ರವಿವರ್ಮ, ರವಿವರ್ಮ" ಎನ್ನುತ್ತಿದ್ದರು. ಅಲ್ಲ, ಅದು ಹಾಲ್ದಂಕರ್ ಅವರದು, ಮಾದರಿಯಾಗಿ ನಿಂತವರು ಅವರ ಮಗಳು ಗೀತಾ ಎಂದು ಹೇಳಿದ್ದೆ. (ಅವರ ಮಾದರಿಯನ್ನು ಯಾರೂ ತಿಂದುಹಾಕಲಿಲ್ಲವಲ್ಲ, ಪುಣ್ಯವಂತರು.) "ಬೆಳಕಿಗೆ ಯಾವ ಬಣ್ಣ ಹಾಕಬೇಕು, ಸರ್?" ಎಂದು ಕೇಳಿದ್ದಳು. ಜಲವರ್ಣದಲ್ಲಿ ಬೆಳಕಿಗೆ ಬಣ್ಣ ಹಾಕುವುದಿಲ್ಲ, ಕಾಗದದ ಬಿಳಿಯನ್ನು ಹಾಗೇ ಬಿಡುವುದು ಎಂದಿದ್ದೆ. ಈಗ ನೋಡಿದರೆ ಆ ಸೀಮೆಸುಣ್ಣದ ಬೆರಳ ತುದಿಗಳಿಗೆ ಅವಳು ಬಣ್ಣ ಮುಟ್ಟಿಸಿಯೇ ಇಲ್ಲ.

ಜೂನ್‌ಗೆ ಅವಳು ಹತ್ತನೇ ತರಗತಿ. ಅಲ್ಲಿ ವೇಳಾಪಟ್ಟಿಯಲ್ಲಿ ನನ್ನ ಹೆಸರಿರುತ್ತದೆ, ಅಷ್ಟೇ.

ನಿನ್ನೆ ಬಾಗಿಲಲ್ಲಿ ಮತ್ತೆ ತಲೆ ಕಾಣಿಸಿತು. "ಬರುವ ಮಂಗಳವಾರ ಶಂಕು, ಮೇಷ್ಟ್ರೇ. ಏನು ತರುತ್ತೀರಿ?"

ಮಾರುಕಟ್ಟೆಯಲ್ಲಿ ಹುಡುಕಿ, ಖಾರದ್ದೇ ಬೇಕೆಂದು ಎರಡೆರಡು ಸಲ ಕೇಳಿ, ಹಸಿಮೆಣಸಿನಕಾಯಿ ಆರಿಸಿಟ್ಟಿದ್ದೇನೆ. ತುದಿ ಚೂಪಾಗಿದೆ.